ಸಿಗದಿರಲಿ ಎಂದು ಹುಡುಕುವ ಗುಜರಿ ಅಕ್ಕ

ಇನ್ನೂ ಬೆಳಕು ಹರಿದಿಲ್ಲ. ಅಕ್ಕ ಚಹಾಕ್ಕೆ ನೀರು ಅಳೆದಿಟ್ಟಿದ್ದಾರೆ, ಒಲೆ ಹಚ್ಚಿಲ್ಲ. ಮೊದಲು ಅಡುಗೆಮನೆಯ ಮೇಜಿನ ಮೇಲಿನ ಲ್ಯಾಪ್‌ಟಾಪ್ ತೆರೆದು ಸರ್ಚಿನಲ್ಲಿ ಕೆಲವು ಪದ ಟೈಪ್ ಮಾಡುತ್ತಾರೆ. ಒಂದು ಅಕ್ಷರ ತಪ್ಪುತ್ತದೆ, ಅಳಿಸಿ ಮತ್ತೆ ಹೊಡೆಯುತ್ತಾರೆ. ಮೊದಲ ಪುಟ, ಎರಡನೆಯದು, ಮೂರನೆಯದು. ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನಾನು, ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಎಂದುಕೊಳ್ಳುತ್ತೇನೆ. "ಇಲ್ಲ. ಸದ್ಯ, ಇವತ್ತೂ ಇಲ್ಲ," ಎಂದು ಉಸಿರು ಬಿಟ್ಟು ಒಲೆ ಹಚ್ಚುತ್ತಾರೆ.

ಪಾಡ್‌ಕಾಸ್ಟ್ ಸ್ಟುಡಿಯೊದಲ್ಲಿ ಇವರನ್ನು ಎಲ್ಲರೂ ಕರೆಯುವುದು ಗುಜರಿ ಅಕ್ಕ ಎಂದು. ಹೊಸ ಸಂಚಿಕೆಯನ್ನು ಜನ ಒಂದು ವಾರ ಕೇಳುತ್ತಾರೆ, ಆಮೇಲೆ ಅದು ಮೂಲೆಗುಂಪು. ಅಂಥ ಹಳೆಯ ಮಾತುಕತೆಗಳ ಧೂಳು ಕೊಡವಿ, ಹುಡುಕುವವರಿಗೆ ಸಿಗುವಂತೆ ಮಾಡುವುದು ಇವರ ಕೆಲಸ. ಪೂರ್ತಿ ಕೇಳುತ್ತಾರೆ, ತಲೆಬರಹ ಬದಲಿಸುತ್ತಾರೆ, ಎಷ್ಟನೆಯ ನಿಮಿಷಕ್ಕೆ ಯಾವ ವಿಷಯ ಎಂದು ಕೆಳಗೆ ಬರೆಯುತ್ತಾರೆ. ಮೊದಲು ಮುದ್ರಣಾಲಯದಲ್ಲಿ ಟೈಪಿಸ್ಟ್ ಆಗಿದ್ದರು. ಅದು ಬಾಗಿಲು ಹಾಕಿದ ಮೇಲೆ ಇದನ್ನು ಹಿಡಿದರು. ಯಾವ ಸಂಚಿಕೆಯಲ್ಲೂ ಇವರ ಹೆಸರು ಕೇಳಿಸುವುದಿಲ್ಲ.

"ಜನ ಹುಡುಕೋದು ನಾವಿಟ್ಟ ಹೆಸರು ಹಿಡಿದಲ್ಲ ಮೇಡಂ, ತಮ್ಮ ಕಷ್ಟ ಹಿಡಿದು," ಎನ್ನುತ್ತಾರೆ. "ಒಂದಕ್ಕೆ 'ಮೌನದ ಅಂಗಳ' ಅಂತ ಇಟ್ಟಿದ್ರು. ಒಂದು ನರಪಿಳ್ಳೆನೂ ಬರ್ತಿರಲಿಲ್ಲ. 'ಮಗು ಮಾತಾಡೋದು ತಡ ಆದ್ರೆ' ಅಂತ ಮಾಡಿದೆ. ತಿಂಗಳುಗಟ್ಟಲೆ ಏನೂ ಇಲ್ಲ. ಆಮೇಲೆ ದಿನಾ ಒಬ್ರೋ ಇಬ್ರೋ ಅಮ್ಮಂದಿರು ಬರೋಕೆ ಶುರು."

ತಲೆಬರಹದ ಗುಟ್ಟು ಇವರ ಅತ್ತೆ. ಅವರಿಗೆ ಸಂಚಿಕೆ ಕೇಳಿಸಿ, ಎರಡು ದಿನ ಬಿಟ್ಟು, "ಮತ್ತೆ ಅದೇ ಬೇಕು ಅಂದ್ರೆ ಏನಂತ ಕೇಳ್ತೀರಿ ಅತ್ತೆ?" ಎನ್ನುತ್ತಾರೆ. ಅತ್ತೆಯ ಬಾಯಿಂದ ಬಿದ್ದದ್ದೇ ತಲೆಬರಹ. "ಕಿವಿಗೆ ಅದನ್ನ ಸಿಕ್ಕಿಸ್ಕೊಂಡ್ರೆ ನಾನು ಕೂಗಿದ್ದೂ ಕೇಳ್ಸಲ್ಲ ಇವಳಿಗೆ. ನನ್ನ ಬುದ್ಧಿ ಮಾತ್ರ ಬೇಕು!" ಎಂದು ಅತ್ತೆ ನನ್ನತ್ತ ಕಣ್ಣು ಮಿಟುಕಿಸುತ್ತಾರೆ. ಸೊಸೆ ನಗುವುದಿಲ್ಲ. ಅವರು ಎಡವಿದ್ದು ಇಲ್ಲೇ.

ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ದೂರದ ಊರಿಗೆ ಬಂದ ಹೆಂಗಸೊಬ್ಬಳು ಹಿಂದೊಮ್ಮೆ ಈ ಸ್ಟುಡಿಯೊದಲ್ಲಿ ಮಾತಾಡಿದ್ದಳು. ಹೆಸರು ಹೇಳಿರಲಿಲ್ಲ, ಧ್ವನಿಯನ್ನೂ ಬದಲಿಸಿದ್ದರು, ಆದರೆ ತನ್ನ ಕಸುಬಿನ ಬಗ್ಗೆ ಮಾತಿನ ನಡುವೆ ಹೇಳಿಕೊಂಡಿದ್ದಳು. ವರ್ಷಗಟ್ಟಲೆ ಆ ಸಂಚಿಕೆಯನ್ನು ಯಾರೂ ಮುಟ್ಟಿರಲಿಲ್ಲ. ಅಕ್ಕ ಎಂದಿನಂತೆ ಅತ್ತೆಯನ್ನು ಕೇಳಿದರು. "ಅದೇ, ಎಡಗೈಲಿ ಕತ್ತರಿ ಹಿಡಿಯೋ ಟೈಲರಮ್ಮನ ಕಥೆ," ಎಂದರು ಅತ್ತೆ. ಅದನ್ನೇ ತಲೆಬರಹ ಮಾಡಿದರು. ನಿಧಾನವಾಗಿ ಸಂಚಿಕೆ ಮೇಲೆ ಬಂತು, ಸ್ಟುಡಿಯೊದಲ್ಲಿ ಎಲ್ಲರೂ ಬೆನ್ನು ತಟ್ಟಿದರು.

ಜನ ಯಾವ ಪದ ಹುಡುಕಿ ಸಂಚಿಕೆಗೆ ಬಂದರು ಎಂಬುದು ಇವರ ಪರದೆಯ ಮೇಲೆ ಕಾಣುತ್ತದೆ. ಒಂದು ಬೆಳಿಗ್ಗೆ ಅಲ್ಲಿತ್ತು: 'ಎಡಗೈ ಟೈಲರ್ ಓಡಿಹೋದವಳು'. ಮರುದಿನ: 'ಎಡಗೈ ಟೈಲರ್ ಅಂಗಡಿ ಎಲ್ಲಿದೆ'. ಅದರ ಮರುದಿನ ಅದೇ ಪದಗಳ ಜೊತೆಗೆ ಒಂದು ಅಡ್ಡಹೆಸರು.

"ಆ ಕ್ಷಣವೇ ಸ್ಟುಡಿಯೊಗೆ ಫೋನ್ ಮಾಡ್ದೆ," ಎನ್ನುತ್ತಾರೆ. ಸ್ಟುಡಿಯೊದವರು ಆ ಹೆಂಗಸಿಗೆ ಫೋನ್ ಮಾಡಿ ಅಡ್ಡಹೆಸರು ಹೇಳಿದರು. "ಹಾಗೆ ಕರೀತಿದ್ದಿದ್ದು ಅವನೊಬ್ಬನೇ," ಎಂದಳಂತೆ. ಅರ್ಧ ಹೊಲಿದ ಬಟ್ಟೆಗಳನ್ನು ಅಲ್ಲೇ ಬಿಟ್ಟು ಅವಳು ಊರು ಬದಲಿಸಿದಳು. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ. "ಬಚ್ಚಿಟ್ಕೊಂಡಿದ್ದವಳ ಬಾಗಿಲನ್ನ ನಾನೇ ತೆಗೆದುಕೊಟ್ಟೆ ಮೇಡಂ," ಎನ್ನುತ್ತಾರೆ ಅಕ್ಕ.

ಸಂಚಿಕೆಯನ್ನು ಅಂದೇ ತೆಗೆದುಹಾಕಿದರು. ಯಾರೋ ಬೇರೆ ಕಡೆ ಹಾಕಿದ್ದ ಒಂದು ನಕಲು ಸಿಕ್ಕಿತು, ಕೈಮುಗಿದು ಬೇಡಿ ಅದನ್ನೂ ತೆಗೆಸಿದರು. ಇನ್ನೊಂದು ಎಲ್ಲಾದರೂ ಇದ್ದರೆ? ದಿನಾ ಬೆಳಗಾಗುವ ಮೊದಲು ನಡೆಯುವ ಹುಡುಕಾಟ ಅದಕ್ಕೇ. "ನಾನು ಹುಡುಕಿ ಹುಡುಕಿನೇ ಅದು ಮತ್ತೆ ಮೇಲೆ ಬಂದ್ಬಿಟ್ರೆ ಅಂತ ಅದಕ್ಕೂ ಹೆದರಿಕೆ. ಮುಂಚೆ ಅವನು ಹುಡುಕ್ತಿರೋದಾದ್ರೂ ಕಾಣ್ತಿತ್ತು. ಸಂಚಿಕೆ ಹೋದ ಮೇಲೆ ಅದೂ ಕಾಣಲ್ಲ. ಬಿಟ್ನೋ, ಹತ್ರ ಬಂದ್ನೋ, ಹೇಗೆ ಗೊತ್ತಾಗ್ಬೇಕು?"

ಕೆಲಸವನ್ನೇ ಬಿಡು ಎಂದು ಅತ್ತೆ ಗೋಗರೆದದ್ದುಂಟು. ಆದರೆ ಮಾತು ಬಾರದ ಮಕ್ಕಳ ಅಮ್ಮಂದಿರು ಈಗಲೂ ಬರುತ್ತಿದ್ದಾರೆ. ಹಾಗಾಗಿ ಅಕ್ಕ ಬಿಟ್ಟಿಲ್ಲ. ಈಗ ಪ್ರತಿ ಸಂಚಿಕೆಗೂ ಅತ್ತೆಯನ್ನು ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಇದು ಯಾರಿಗೆ ಸಿಗಬಾರದು ಅತ್ತೆ?"

ಈ ಲೇಖನವನ್ನು ಅಚ್ಚಿಗೆ ಕಳಿಸುವ ಮುನ್ನ ಅಕ್ಕ ನನ್ನಿಂದ ಓದಿಸಿಕೊಂಡರು. "ನಿಮ್ಮ ಪತ್ರಿಕೆನೂ ಸರ್ಚಲ್ಲಿ ಬರುತ್ತಲ್ಲಾ? ಅವಳ ಕಸುಬು ತೆಗೀರಿ. ಗುರುತು ತೆಗೀರಿ," ಎಂದರು. ಆ ಅಪಾಯ ನನಗೂ ಹೊಳೆದದ್ದು ಆಗಲೇ. ಓದುಗರೇ, ಆ ಹೆಂಗಸು ಟೈಲರ್ ಅಲ್ಲ, ಎಡಗೈಯವಳೂ ಅಲ್ಲ. ಅತ್ತೆಯ ಮಾತನ್ನು, ಸರ್ಚಿನ ಪದಗಳನ್ನು ಎಲ್ಲವನ್ನೂ ಅದಕ್ಕೆ ತಕ್ಕಂತೆ ಬದಲಿಸಿದ್ದೇನೆ.

ಅವಳು ಈಗ ಎಲ್ಲಿರಬಹುದು ಎಂದು ಕೇಳಿದೆ. ಅಕ್ಕ ಲ್ಯಾಪ್‌ಟಾಪ್ ಮುಚ್ಚಿದರು.

"ಅವಳು ಹೇಗೆ ಮಾತಾಡ್ತಾಳೆ, ಏನು ಕೆಲಸ ಮಾಡ್ತಾಳೆ, ಎಲ್ಲಾ ಗೊತ್ತು ನಂಗೆ. ಹುಡುಕಿದ್ರೆ ಒಂದು ಮಧ್ಯಾಹ್ನದಲ್ಲಿ ಸಿಕ್ಕಿಬಿಡ್ತಾಳೆ. ಚೆನ್ನಾಗಿದೀಯೇನಮ್ಮ ಅಂತ ಒಂದ್ಸಲ ಕೇಳ್ಬೇಕು ಅಂತ ಜೀವ ಹೊಡ್ಕೊಳ್ಳುತ್ತೆ," ಎಂದರು. "ಇಲ್ಲೀವರೆಗೂ ಹುಡುಕಿಲ್ಲ ಮೇಡಂ."