ಗಡಿಗೆಯ ಸೌಂಡು

ಭಾನುವಾರ ಸಂಜೆ ನಾಲ್ಕೂ ಹತ್ತಕ್ಕೆ ಅಕ್ಕ ಮೊದಲ ಸಲ ಕೆಮ್ಮಿದಳು. ಗೋಡೆ ಗಡಿಯಾರ ಟಿವಿಯ ಮೇಲೆಯೇ ಇತ್ತು, ಹಾಗಾಗಿ ಆ ಹೊತ್ತು ಮರೆತಿಲ್ಲ. ನಾನು ಚಿಕ್ಕವನಿದ್ದಾಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಕೆಮ್ಮುತ್ತಿತ್ತು, ಸೀನುತ್ತಿತ್ತು. ಬಸ್ಸಿಳಿದ ಪರವೂರಿನವರು ಮೂಗು ಮುಚ್ಚಿಕೊಂಡರೆ ನಮಗೆ ನಗು. ಕೆಮ್ಮಿದವರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಂದು ನಾವೂ ನೋಡಲಿಲ್ಲ.

ಅಕ್ಕನಿಗೆ ಹಾಡೆಂದರೆ ಪ್ರಾಣ. ಅವಳು ಹಾಡಿದರೆ ಓಣಿಯ ಹೆಂಗಸರು ಕೆಲಸ ಬಿಟ್ಟು ನಿಲ್ಲುತ್ತಿದ್ದರು. ನಮ್ಮ ಹಳೇ ಟಿವಿಯ ದನಿಯೋ, ಜ್ವರ ಬಂದವರ ನರಳಾಟದಂತಿತ್ತು. ಅಂಗಡಿಯ ಸ್ಟೀರಿಯೋ ಸೆಟ್ಟು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅಪ್ಪ ರಾಣೆಬೆನ್ನೂರಿನ ಗುಜರಿಯಿಂದ ಯಾವುದೋ ಕಾರಿನ ಸ್ಪೀಕರು, ಒಂದು ಹಳೇ ಆಂಪ್ಲಿಫೈಯರು ತಂದ. ಸ್ಪೀಕರನ್ನು ಖಾಲಿ ನೀರಿನ ಗಡಿಗೆಯ ಬಾಯಿಗೆ ಕೂರಿಸಿದ. ತಬಲಾ ನುಡಿದರೆ ನಮ್ಮ ಎದೆಯೊಳಗೇ ನುಡಿದಂತಾಗುತ್ತಿತ್ತು.

ತೊಟ್ಟು ಬಿಡಿಸಲೆಂದು ಅವ್ವ ವ್ಯಾಪಾರಿಗಳಿಂದ ಮೆಣಸಿನಕಾಯಿ ಚೀಲಗಳನ್ನು ಮನೆಗೆ ತರುತ್ತಿದ್ದಳು. ನಮ್ಮಲ್ಲಿ ಮೇಜಿರಲಿಲ್ಲ, ಚೀಲವೇ ಮೇಜು. ಆಂಪ್ಲಿಫೈಯರು ಅದರ ಮೇಲೇ ಕೂತಿತ್ತು. ಅಂದು ಥೇಟರಿನಂತೆ ಕತ್ತಲಾಗಲೆಂದು ಅಪ್ಪ ಕಿಟಕಿಗೆ ಕೌದಿ ಕಟ್ಟಿ, ಬಾಗಿಲಿಗೆ ಚಿಲಕ ಹಾಕಿದ. ಸಿನಿಮಾ ನೋಡುತ್ತಲೇ ನಾವೆಲ್ಲ ತೊಟ್ಟು ಬಿಡಿಸುತ್ತಿದ್ದೆವು.

ಅಕ್ಕ ಮತ್ತೆ ಕೆಮ್ಮಿದಳು.

"ನೀರ ಕುಡಿ, ಹೋಗ್ತೈತಿ" ಅವ್ವ ಟಿವಿಯಿಂದ ಕಣ್ಣು ಕೀಳಲಿಲ್ಲ.

"ಘಾಟ ಭಾಳ ಐತಿ ಯವ್ವಾ."

"ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕಷ್ಟ, ಖಾರ ಎಲ್ಲೈತಿ? ಸುಮ್ನ ನೋಡ" ಎಂದು ಅಪ್ಪ ನಕ್ಕ.

ಟಿವಿಯ ಬೆಳಕಿನಲ್ಲಿ ತೇಲುತ್ತಿದ್ದ ಹೊಗೆಯನ್ನು ನಾವು ಕಾಯಿಯ ಧೂಳೆಂದುಕೊಂಡೆವು. ಸಿನಿಮಾದಲ್ಲಿ ಯಾರೋ ಓಡಿ ಬಂದರು. ದಬದಬ ಬಾಗಿಲು ಬಡಿದ ಸದ್ದು. ಅಪ್ಪ ತೊಡೆ ತಟ್ಟಿದ. "ಕೇಳಿದ್ರೇನ ನಮ್ಮ ಗಡಿಗಿ ಸೌಂಡ! ಖರೇನ ನಮ್ಮ ಬಾಗಲಾನ ಬಡದಂಗ ಐತಿ!"

ಅದು ನಮ್ಮ ಬಾಗಿಲೇ. ಪರದೆಯ ಮೇಲೆ ಹಾಡು ಶುರುವಾದರೂ ಬಡಿತ ನಿಲ್ಲಲಿಲ್ಲ. ಹಾಡು ಮುಗಿದು ಒಂದು ಕ್ಷಣ ಮೌನವಾದಾಗ ಪಕ್ಕದ ಮನೆಯ ಚಾಚಿಯ ಕೂಗು ಕೇಳಿಸಿತು: "ಅಣ್ಣಾರ, ಬಾಗಲಾ ತಗೀರಿ! ಕಾಯಿ ಸುಡಾಕತ್ತಾವು! ಮಕ್ಕಳ್ನ ಹೊರಗ ತರ್ರಿ!"

ತಿರುಗಿ ನೋಡಿದರೆ ಅಕ್ಕ ಗೋಡೆಗೆ ಒರಗಿದ್ದಳು. ಈಗ ಕೆಮ್ಮುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು, ಮುಷ್ಟಿಯಲ್ಲಿ ಒಂದು ಕೆಂಪು ಕಾಯಿ ಹಾಗೇ ಇತ್ತು. ಅಪ್ಪ ಅವಳನ್ನೆತ್ತಿಕೊಂಡು ಹೊರಗೋಡಿದ. ಅವ್ವ ತಡಕಾಡಿ ಮೇನ್ ಸ್ವಿಚ್ ಆರಿಸಿದಳು. ಒಳಗೊಳಗೇ ಹೊಗೆಯಾಡುತ್ತಿದ್ದ ಚೀಲವನ್ನು ಚಾಚಿ ಅಂಗಳಕ್ಕೆ ಎಳೆದು ನೀರು ಸುರಿದಳು. ಎದ್ದ ಘಾಟಿಗೆ ಓಣಿಯೇ ಕಣ್ಣುಜ್ಜಿಕೊಂಡಿತು.

ಅಕ್ಕ ಬದುಕಿದಳು. ಆದರೆ ಅವಳ ದನಿ ಹಾವೇರಿಯ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಮಾತು ಒರಟಾಯಿತು, ಹಾಡು ನಿಂತೇ ಹೋಯಿತು. ಬಿಸಿಯಾದ ಆಂಪ್ಲಿಫೈಯರು ಚೀಲವನ್ನು ಹೇಗೆ ಸುಟ್ಟಿತೆಂಬುದು ಕಾಲೇಜು ಓದಿದ ಮೇಲೆ ನನಗೆ ತಿಳಿಯಿತು. ತಿಳಿದು ಏನು ಬಂತು? ಯಾರು ಕೆಮ್ಮಿದರೂ ನನ್ನ ಕಣ್ಣು ಇಂದಿಗೂ ಗಡಿಯಾರ ಹುಡುಕುತ್ತದೆ.

ನಿಮಗೀಗ ಅಂಗೈಯಗಲದ ಪರದೆಯಲ್ಲಿ ಬೇಕಾದ ಹಾಡು ಬರುತ್ತದೆ, ಮೊಮ್ಮಕ್ಕಳೇ. ಕೌದಿ ಕಟ್ಟಬೇಕಿಲ್ಲ, ಗಡಿಗೆ ಬೇಕಿಲ್ಲ. ಕಿವಿಗೆ ಸಣ್ಣ ಗುಂಡಿ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ನಗುತ್ತೀರಿ. ಮುಚ್ಚಿದ ಕೋಣೆಯ ಬಾಗಿಲನ್ನು ಈ ಅಜ್ಜ ಬಂದು ತೆರೆದಿಟ್ಟು ಹೋಗುತ್ತಾನೆಂದು ಸಿಡುಕುತ್ತೀರಿ. ಅದು ಅಪ್ಪನಿಂದ ಬಂದ ಅಭ್ಯಾಸ.

ಆ ಸುಗ್ಗಿಯುದ್ದಕ್ಕೂ ಅಪ್ಪ ಮಲಗಲಿಲ್ಲ. ಓಣಿಯಲ್ಲಿ ಯಾರು ಕೆಮ್ಮಿದರೂ ಎದ್ದು ಅಕ್ಕನ ಮೂಗಿನ ಬಳಿ ಕೈ ಹಿಡಿಯುತ್ತಿದ್ದ. ಅವನು ಎದ್ದರೆ ನಮಗೂ ಎಚ್ಚರ. ಕೊನೆಗೆ ಮುಂಗಾರಿನ ಮೊದಲ ಮಳೆ ಓಣಿಯ ಘಾಟನ್ನು ತೊಳೆದ ರಾತ್ರಿ ಅಕ್ಕ ತನ್ನ ಒರಟು ದನಿಯಲ್ಲಿ, "ಅಪ್ಪಾ, ಸಾಕು ಮಲ್ಕೋ. ಬೇಕಾರ ಬಾಗಲಾ ತಗದಿಡು" ಎಂದಳು. ಅಪ್ಪ ಚಿಲಕ ತೆಗೆದು ಬಾಗಿಲನ್ನು ಪೂರ್ತಿ ತೆರೆದಿಟ್ಟ. ನಾವು ಕಣ್ಣು ಬಿಟ್ಟಾಗ ಬಿಸಿಲು ಒಳಗೆ ಬಂದಿತ್ತು, ಚಾಚಿಯ ಕೋಳಿಗಳು ನಮ್ಮ ಹಾಸಿಗೆಗಳ ನಡುವೆ ಓಡಾಡುತ್ತಿದ್ದವು, ಅಪ್ಪ ಇನ್ನೂ ಗೊರಕೆ ಹೊಡೆಯುತ್ತಿದ್ದ.