ಸೈಕಲ್ ಕಡ್ಡಿಯ ಕೊಕ್ಕೆ

ದಸರೆಗೆ ಅಂಗಡಿ ತೊಳೆಯೋಣವೆಂದು ಮೇಜಿನ ಖಾನೆಯನ್ನು ನೆಲಕ್ಕೆ ಸುರುವಿದಾಗ, ಒಣಗಿದ ಸ್ಟಾಂಪ್ ಪ್ಯಾಡು, ತುಕ್ಕು ಹಿಡಿದ ಪಿನ್ನುಗಳ ಜೊತೆ ಒಂದು ತಂತಿಯ ಕೊಕ್ಕೆಯೂ ಬಿತ್ತು. ಸೈಕಲ್ ಚಕ್ರದ ಕಡ್ಡಿಯನ್ನು ಬಗ್ಗಿಸಿ ಮಾಡಿದ್ದು. ಎರಡು ತುದಿಗಳು ಒಳಕ್ಕೆ ತಿರುಗಿವೆ, ಹಿಡಿಯುವ ಕಡೆ ಹಳೆಯ ಟ್ಯೂಬಿನ ರಬ್ಬರು ಸುತ್ತಿದೆ. ಕೀಬೋರ್ಡಿನ ಗುಂಡಿಗಳನ್ನು ಮುರಿಯದಂತೆ ಮೇಲಕ್ಕೆತ್ತುವ ಸಾಧನ ಅದು. ಮಾಡಿದವರು ನಮ್ಮ ಟೈಪಿಂಗ್ ಮಾಸ್ತರು. ನಾನು ಕಸಬರಿಗೆ ಬಿಟ್ಟು ಅಲ್ಲಿಯೇ ಕೂತುಬಿಟ್ಟೆ.

ಶಹಾಬಾದಿನಲ್ಲಿ ನನ್ನ ವಾರಿಗೆಯವರು ಬಹಳಷ್ಟು ಜನ ಅವರ ಕ್ಲಾಸಿನಲ್ಲೇ ಟೈಪಿಂಗ್ ಕಲಿತವರು. ಮಾಸ್ತರು ನಮ್ಮ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು. ಕೈ ನೋಡಿದೆವೋ, ತಲೆಯ ಮೇಲೆ ಸ್ಕೇಲು. “ಕಣ್ಣು ಕಾಗದದ ಮ್ಯಾಲಿರ್ಲಿ. ಬೆರಳಿಗಿ ಹಾದಿ ಗೊತ್ತದ,” ಅನ್ನುತ್ತಿದ್ದರು. ಟೈಪ್‌ರೈಟರಿನ ಕಾಲ ಮುಗಿದು ಕ್ಲಾಸು ಮುಚ್ಚಿತು. ನಾನು ಜೆರಾಕ್ಸ್, ಟೈಪಿಂಗಿನ ಅಂಗಡಿ ಹಾಕಿದೆ. ಒಂದು ದಿನ ಮಾಸ್ತರು ತಮ್ಮೂರು ಭಂಕೂರಿನಿಂದ ಸೈಕಲ್ ತುಳಿದುಕೊಂಡು ಬಂದು, “ಟೈಪಿಂಗಿಗಿ ಜನ ಬೇಕೇನ್ ತಂಗಿ?” ಎಂದರು. ಕಲಿಸಿದವರನ್ನೇ ಕೆಲಸಕ್ಕೆ ಇಟ್ಟುಕೊಂಡ ಮುಜುಗರ ನನಗಿತ್ತು. ಅವರಿಗೂ ಇತ್ತೇನೋ, ತೋರಿಸಲಿಲ್ಲ.

ಬರುವಾಗ ಕ್ಯಾರಿಯರಿಗೆ ಕಟ್ಟಿಕೊಂಡು ತಮ್ಮದೇ ಕೀಬೋರ್ಡು ತಂದಿದ್ದರು. ಒಂದೊಂದು ಗುಂಡಿಯ ಕೆಳಗೂ ಒಂದೊಂದು ಸ್ಪ್ರಿಂಗು ಇರುವ ಹಳೆಯ ಕಾಲದ್ದು, ಎತ್ತಿದರೆ ಕಲ್ಲಿನ ಭಾರ. ಜೊತೆಗೆ ವಾಡಿಯ ಗುಜರಿಯಲ್ಲಿ ಹುಡುಕಿ ತಂದ ಇನ್ನೊಂದು ಹಳೆಯದು. ಒಂದು ಮಧ್ಯಾಹ್ನ ಅವೆರಡನ್ನೂ, ಗುಂಡಿಗಳ ಕೆಳಗೆ ಬರೀ ರಬ್ಬರು ಇರುವ ನನ್ನ ಅಗ್ಗದ್ದನ್ನೂ ಸಾಲಾಗಿ ಇಟ್ಟು, ಒಂದೇ ಗುಂಡಿಯನ್ನು ಮೂರರಲ್ಲೂ ಒತ್ತಿ, ಕಿವಿ ಬಗ್ಗಿಸಿ ಕೇಳಿದರು.

“ನಂದು ಅರ್ಧಕ್ಕೇ ಹೇಳ್ತದ, ಒತ್ತಿದಿ ಅಂತ. ವಾಡೀದು ತಳಾ ಮುಟ್ಟಿದ ಮ್ಯಾಲ ಹೇಳ್ತದ. ನಿಂದು ಏನೂ ಹೇಳಂಗೇ ಇಲ್ಲ ನೋಡು,” ಎಂದರು. ನಾನು ನಕ್ಕೆ.

ನಮ್ಮೂರಿನ ಗಣಿಗಳಿಂದ ಹಾರುವ ಫರಸಿ ಹಾಸುಗಲ್ಲಿನ ಧೂಳು ಯಾವ ಸಂದನ್ನೂ ಬಿಡುವುದಿಲ್ಲ. ಅದಕ್ಕೆ ಪ್ರತಿವರ್ಷ ಆಯುಧಪೂಜೆಯ, ನಮ್ಮ ಕಡೆಯ ಖಂಡೇ ಪೂಜೆಯ, ಹಿಂದಿನ ದಿನ ಮಾಸ್ತರು ಈ ಕೊಕ್ಕೆಯಿಂದ ಎಲ್ಲ ಗುಂಡಿಗಳ ‘ಟೊಪಗಿ’ ಕಿತ್ತು, ಸಾಬೂನು ನೀರಲ್ಲಿ ತೊಳೆದು, ಅಂಗಡಿಯ ಮುಂದಿನ ಕಲ್ಲಿನ ಮೇಲೆ ಸಾಲಾಗಿ ಹರವುತ್ತಿದ್ದರು. ಸ್ಪ್ರಿಂಗುಗಳನ್ನು ಬ್ರಶ್ಶಿನಿಂದ ಒರೆಸಿ, ಸೋತದ್ದನ್ನು ತೆಗೆದು, ವಾಡಿಯದರಿಂದ ಹೊಂದುವುದೊಂದನ್ನು ಹುಡುಕಿ ಹಾಕುತ್ತಿದ್ದರು. ಮರುದಿನ ವಿಭೂತಿ, ಕುಂಕುಮ, ಚೆಂಡು ಹೂವು. ಚಹಾ ಬಂದರೆ ನಾವೆಲ್ಲ ಸೆರಗು, ಕರ್ಚೀಫು ಹುಡುಕುವ ಹೊತ್ತಿಗೆ ಅವರು ಕುದಿಯುವ ಗ್ಲಾಸನ್ನು ಬರಿಗೈಯಲ್ಲಿ ಹಿಡಿದು ಆರಾಮಾಗಿ ಕೂತಿರುತ್ತಿದ್ದರು. “ಮಾಸ್ತರ ಕೈ ಫರಸಿ ಕಲ್ಲಿಂದು,” ಎಂದು ನಾನೇ ಎಷ್ಟು ಸಲ ಚೇಷ್ಟೆ ಮಾಡಿದ್ದೆನೋ... ಅವರೂ ನಗುತ್ತಿದ್ದರು.

ನನ್ನದು ಸಿಡುಕಿನ ಸ್ವಭಾವ. ಆ ಕೀಬೋರ್ಡಿನ ಟಕಟಕ ದಿನವಿಡೀ ತಲೆ ತಿನ್ನುತ್ತಿತ್ತು. ಒಂದು ದಸರೆಗೆ ಮಾಸ್ತರು ತೀರಿಕೊಂಡ ಯಾರದೋ ಮಣ್ಣಿಗೆಂದು ಕೊಡ್ಲಿ ಎಂಬ ಊರಿಗೆ ಹೋಗಿದ್ದಾಗ, ಸದ್ದೇ ಬಾರದ ತೆಳ್ಳನೆಯ ಹೊಸದೊಂದನ್ನು ತಂದು ಅವರ ಜಾಗದಲ್ಲಿಟ್ಟೆ. ಹಳೆಯವೆರಡನ್ನೂ ಗುಜರಿಯವನ ಗಾಡಿಗೆ ಹಾಕಿದೆ. ಅವು ನನ್ನವಲ್ಲ ಎಂಬುದು ಆಗ ತಲೆಗೇ ಬರಲಿಲ್ಲ. ಮಾಸ್ತರಿಗೆ ಖುಷಿಯಾಗುತ್ತದೆ ಎಂದು ನಿಜವಾಗಿಯೂ ನಂಬಿದ್ದೆ.

ಪೂಜೆಯ ದಿನ ಬಂದ ಮಾಸ್ತರು ಹೂವಿಟ್ಟ ಹೊಸದನ್ನು ನೋಡಿದರು. ಆಮೇಲೆ ಮೇಜಿನ ಕೆಳಗೆ ನೋಡಿದರು.

“ಹಳೀವು ಎಲ್ಲಿಟ್ಟಿ, ತಂಗಿ?”

“ಗುಜರಿಗಿ ಹಾಕ್ದೆ ಸರ. ಇನ್ನ ನಿಮಗೂ ಆರಾಮ, ನನಗೂ ಆರಾಮ.”

ಅವರು ಹೊಸದಕ್ಕೆ ವಿಭೂತಿ ಹಚ್ಚಿ, ಕೈಮುಗಿದು ಕೂತರು.

ಹದಿನೈದು ದಿನವಾಗಿರಬಹುದು. ಅವರು ಟೈಪ್ ಮಾಡಿದ ಅರ್ಜಿಯೊಂದು ಕಚೇರಿಯಿಂದ ತಿರುಗಿ ಬಂತು. ಹೊಲದ ಸರ್ವೆ ನಂಬರಿನಲ್ಲಿ ಒಂದು ಅಂಕಿಯೇ ಇರಲಿಲ್ಲ, ಹೆಸರುಗಳಲ್ಲೂ ಅಲ್ಲಲ್ಲಿ ಅಕ್ಷರಗಳು ಬಿಟ್ಟುಹೋಗಿದ್ದವು. ಬಸ್ಸಿನಲ್ಲಿ ಎರಡೆರಡು ಸಲ ಓಡಾಡಿದ ರೈತ ಅಂಗಡಿಯಲ್ಲಿ ನಿಂತು ಕೂಗಾಡಿದ. ನಾನು ಅವನಿಗಿಂತ ಜೋರಾಗಿ ಮಾಸ್ತರ ಮೇಲೆ ಹರಿಹಾಯ್ದೆ. “ವಯಸ್ಸಾತು, ಲಕ್ಷ್ಯ ಎಲ್ಲದ ನಿಮ್ದು?” ಎಂದೆ. ಅವನ ಎದುರಿಗೇ ಎಂದೆ. ಮಾಸ್ತರು ಎದ್ದು ನಿಂತರು.

“ತಪ್ಪಾಗ್ಯದ್ರಿ,” ಎಂದರು. ಅರ್ಜಿಯನ್ನು ಇನ್ನೊಮ್ಮೆ ಟೈಪ್ ಮಾಡಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿ ನೋಡಿ, ರೈತನ ಕೈಗೆ ಕೊಟ್ಟು ಹೋದರು. ಮರುದಿನ ಬರಲಿಲ್ಲ.

ವಾರದ ನಂತರ ಅವರ ಕನ್ನಡಕ, ಊಟದ ಡಬ್ಬಿ ಒಯ್ಯಲು ಹೆಂಡತಿ ಬಂದರು. ಕುಂದ್ರಿ ಎಂದರೂ ಕೂರಲಿಲ್ಲ.

“ಸಕ್ರಿ ಬ್ಯಾನಿ ಬಂದು ಮೂರು ವರ್ಷಾತು, ಅವರ ಬೆರಳಿಗಿ ಏನೂ ತಿಳಿಯಂಗಿಲ್ಲವ್ವಾ. ಒತ್ತಿದ್ದು ಕೈಗಿ ಗೊತ್ತಾಗ್ತಿದ್ದಿಲ್ಲ. ಸಪ್ಪಳ ಕೇಳಿ ಕೇಳಿ ಟೈಪ್ ಮಾಡ್ತಿದ್ರು. ಹೇಳಿದ್ರ ಕೆಲಸ ಹೋಗ್ತದಂತ ಅಂಜಿಕಿ,” ಎಂದರು. ಹೊರಡುವಾಗ ಸೆರಗಿನಿಂದ ಈ ಕೊಕ್ಕೆ ತೆಗೆದು ಮೇಜಿನ ಮೇಲಿಟ್ಟರು. “ಹೊಸಾದ್ರಾಗೂ ಧೂಳ ಕುಂದರ್ತದ, ತಂಗಿಗಿ ಬೇಕಾಗ್ತದ ಅಂದಾರ.”

ಆ ಚಹಾದ ಗ್ಲಾಸು ಆಗ ನೆನಪಾಯಿತು. ಗುಜರಿಯವನ ಹತ್ತಿರ ಓಡಿದೆ. ಎಲ್ಲ ಒಡೆದು ಲೋಡು ಕಳಿಸಿಯಾಗಿದೆ ಎಂದ. ವಾಡಿಗೆ ಹೋಗಿ ಜಾಲಾಡಿದೆ, ಅಂಥದ್ದು ಇನ್ನೊಂದು ಸಿಗಲಿಲ್ಲ. ಬರಿಗೈಯಲ್ಲಿ ಅವರ ಮುಂದೆ ಹೋಗಿ ನಿಲ್ಲಲು ಮುಖವಿರಲಿಲ್ಲ. ಹಾಗೆಯೇ ಒಂದು ವರ್ಷ ಕಳೆದೆ.

ಮುಂದಿನ ದಸರೆಗೆ ಬನ್ನಿ ಹಿಡಿದು ಭಂಕೂರಿಗೆ ಹೋದೆ. ನಮ್ಮಲ್ಲಿ ಆವತ್ತು ಬನ್ನಿ ಕೊಟ್ಟು ಕಾಲಿಗೆ ಬಿದ್ದರೆ ಹಳೆಯ ಜಗಳವೆಲ್ಲ ಮುಗಿದಂತೆ, ಯಾರೂ ಕಾರಣ ಎತ್ತುವುದಿಲ್ಲ. ಮಾಸ್ತರು ಎಲೆಗಳನ್ನು ಎರಡೂ ಅಂಗೈಯಲ್ಲಿ ಇಸಿದುಕೊಂಡರು. ಒಂದು ಎಲೆ ಜಾರಿ ಬಿತ್ತು, ಅವರಿಗೆ ಗೊತ್ತಾಗಲಿಲ್ಲ.

“ಬಂಗಾರದಂಗ ಇರೋಣು,” ಎಂದರು. ಕೂರಲು ಚಾಪೆ ತೋರಿಸಿ, “ಹೊಸಾದರ ಟೊಪಗಿ ತಗದು ತೊಳ್ದೇನು?” ಎಂದು ಕೇಳಿದರು.

“ಹೂಂ ಸರ,” ಎಂದು ಸುಳ್ಳು ಹೇಳಿದೆ. ಬನ್ನಿ ಕೊಟ್ಟೆನಲ್ಲ, ಬಾಯಿ ಬಿಟ್ಟು ಬೇರೆ ಏನು ಹೇಳುವುದು ಎಂದುಕೊಂಡು ಎದ್ದು ಬಂದೆ. ಮುಂದಿನ ದಸರೆಯ ಹೊತ್ತಿಗೆ ಅವರು ಇರಲಿಲ್ಲ.

ಈಗ ಕೊಕ್ಕೆ ಹಿಡಿದು ಅದೇ ಸದ್ದಿಲ್ಲದ ಕೀಬೋರ್ಡಿನ ಗುಂಡಿಗಳನ್ನು ಒಂದೊಂದಾಗಿ ಎತ್ತಿದ್ದೇನೆ. ಕೆಳಗೆ ಬೂದಿಯಂಥ ಕಲ್ಲಿನ ಧೂಳು ಹೆಪ್ಪುಗಟ್ಟಿದೆ. ಟೊಪಗಿಗಳನ್ನು ತೊಳೆದು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಸಾಲಾಗಿ ಹರವಿ, ಒಣಗಲಿ ಎಂದು ಕಾಯುತ್ತ ಕೂತಿದ್ದೇನೆ. ನನ್ನ ತಪ್ಪಿಗೆ ಅವರು ಆ ರೈತನ ಎದುರು ಎದ್ದು ನಿಂತು ತಪ್ಪಾಯಿತು ಎಂದರು. ಅವರ ಮನೆಯವರೆಗೆ ಹೋಗಿಯೂ ಆ ಒಂದು ಮಾತನ್ನು ನಾನು ಆಡದೆ ಬಂದೆ.