ಗೋಡೆ ಕಡೆ, ಬಾಗಿಲ ಕಡೆ

ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಖುರ್ಚಿ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಕುತ್ತಿಗೆಯ ಗುರುತಿನ ಕಾರ್ಡಿನಲ್ಲಿತ್ತು. ಅದನ್ನು ಓದುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಪತ್ರಿಕೋದ್ಯಮ ಓದಿ, ದೊಡ್ಡ ದೊಡ್ಡ ತಲೆಗಳಿಗೆ ಬೆವರಿಳಿಸುವ ಪ್ರಶ್ನೆ ಕೇಳುತ್ತೇನೆಂದು ಎದೆಯುಬ್ಬಿಸಿ ಹೊರಟವನಿಗೆ ಸಿಕ್ಕಿದ್ದು ಟಿವಿ ಚರ್ಚೆಯ ಖಾಲಿ ಖುರ್ಚಿಗಳಿಗೆ ಜನ ಹೊಂದಿಸುವ ಕೆಲಸ. ಜನ ಸಾಲದ ದಿನ ತಾನೇ ಕೂರಬೇಕು. ಹಾಗೆ ಅವನು ಕೊನೆಗೂ ಟಿವಿಯಲ್ಲಿ ಕಾಣಿಸಿಕೊಂಡ. ಮೊದಲ ಸಲ ಕಂಡದ್ದು ಒಂದು ಕಿವಿ ಮಾತ್ರ, ಯಾರದೋ ದಪ್ಪ ಹೆಗಲಿನ ಹಿಂದಿನಿಂದ.

ಚರ್ಚೆಗೆ ಎರಡು ಕಡೆ. ಇದ್ದದ್ದು ಇದ್ದ ಹಾಗೇ ಇರಲಿ ಅನ್ನುವವರು ಗೋಡೆ ಕಡೆ, ಇದ್ದದ್ದೆಲ್ಲ ಬದಲಾಗಲಿ ಅನ್ನುವವರು ಬಾಗಿಲ ಕಡೆ. ಇದರಲ್ಲಿ ಯಾರೂ ಅರ್ಥ ಹುಡುಕಬೇಕಾಗಿಲ್ಲ. ಕ್ಯಾಮೆರಾದ ವೈರು ಹಾಗೆ ಹಾದುಹೋಗಿತ್ತು, ಅಷ್ಟೆ. ಯಾರು ಯಾವ ಕಡೆ ಎಂಬುದನ್ನು ಬಸ್ಸು ತೀರ್ಮಾನಿಸುತ್ತಿತ್ತು. ಬೇಗ ಬಂದವರನ್ನು ಒಳಗೆ ಗೋಡೆ ಕಡೆ ತುಂಬಿಸುವುದು, ತಡವಾಗಿ ಬಂದವರನ್ನು ಬಾಗಿಲ ಕಡೆ ಕೂರಿಸುವುದು. ಬಸ್ಸು ಕೆಟ್ಟು ನಿಂತ ದಿನ ದೇಶದಲ್ಲಿ ಬದಲಾವಣೆ ಬಯಸುವವರು ಏಕಾಏಕಿ ಹೆಚ್ಚಾಗುತ್ತಿದ್ದರು.

ಬರುತ್ತಿದ್ದವರು ರಜೆಯ ಮೇಲಿದ್ದ ವಾಚ್‌ಮನ್‌ಗಳು, ಬಟ್ಟೆ ಕಾರ್ಖಾನೆಯ ಹೆಂಗಸರು, ಮನೆಯಲ್ಲಿ ಯಾರೂ ಮಾತಾಡಿಸದ ನಿವೃತ್ತರು. ಅವರಿಗೆ ಒಂದು ಬನ್ನು, ಪೇಪರ್ ಲೋಟದಲ್ಲಿ ಟೀ, ಜೊತೆಗೆ ಏಸಿ. ಬಹಳ ಜನ ಬರುತ್ತಿದ್ದದ್ದೇ ಏಸಿಗೆ. ಹುಡುಗಿಯರು ಎಂಥ ಬಟ್ಟೆ ತೊಡಬೇಕು, ಪಠ್ಯಪುಸ್ತಕದಲ್ಲಿ ಯಾವ ರಾಜ ಇರಬೇಕು ಎಂದು ಮುಂದಿನ ಸಾಲಿನ ಅತಿಥಿಗಳು ಗಂಟಲು ಹರಿದುಕೊಳ್ಳುವಾಗ ಫ್ಲೋರ್ ಮ್ಯಾನೇಜರ್ ಅಂಗೈ ತೋರಿಸಿದರೆ ಚಪ್ಪಾಳೆ, ಮುಷ್ಟಿ ತೋರಿಸಿದರೆ ಗಲಾಟೆ. ಖುರ್ಚಿ ಎರಡೂ ಕಡೆ ಕೂತು ಎರಡನ್ನೂ ಮಾಡಿದ್ದ. ನಿನ್ನ ಅಭಿಪ್ರಾಯವೇನು ಎಂದು ಯಾರಾದರೂ ಕೇಳಿದರೆ, ಗೋಡೆ ಕಡೆ ತಂಪು ಜಾಸ್ತಿ ಅನ್ನುತ್ತಿದ್ದ.

ಕಷ್ಟ ಇದ್ದದ್ದು ಮನೆಯಲ್ಲಿ. ಅಪ್ಪ ಬಸ್ ಕಂಡಕ್ಟರಾಗಿದ್ದವರು. 'ಮುಂದೆ ಹೋಗಿ, ಮುಂದೆ ಹೋಗಿ' ಎಂದು ಜೀವಮಾನವಿಡೀ ಕೂಗಿದವರು, ನಿವೃತ್ತರಾದದ್ದೇ ತಡ, ದೇಶ ಹಿಂದಕ್ಕೆ ಹೋಗಬೇಕೆಂದು ಪಟ್ಟು ಹಿಡಿದರು. ಭಾವ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವರು. ಹಗಲೆಲ್ಲ 'ಬ್ರೇಕ್ ಒತ್ತಿ, ಬ್ರೇಕ್ ಒತ್ತಿ' ಎಂದು ಪಕ್ಕದವರ ಮೇಲೆ ಕೂಗಿ, ಸಂಜೆಯಾದರೆ ದೇಶ ಇನ್ನೂ ಜೋರಾಗಿ ಓಡಬೇಕು ಅನ್ನುತ್ತಿದ್ದರು. ಒಂದು ಸಂಜೆ ಮಾವ ಅಳಿಯ ಇಬ್ಬರೂ ಊಟಕ್ಕೆ ಕೂತು ಇದೇ ಕಾರ್ಯಕ್ರಮ ನೋಡುತ್ತಿದ್ದರು. ಮಾತಿಗೆ ಮಾತು ಬೆಳೆಯಿತು.

"ನಿಮ್ಮಂಥೋರಿಂದ್ಲೇ ದೇಶ ಹಾಳಾಗಿದ್ದು" ಅಂದರು ಅಪ್ಪ.

"ನಿಮ್ಮಂಥೋರು ಸೀಟಿ ಊದಿದ್ರಲ್ಲ ಮಾವ, ಅದಕ್ಕೇ ಇಲ್ಲೇ ನಿಂತಿರೋದು" ಅಂದರು ಭಾವ.

ಭಾವ ಅರ್ಧ ಊಟಕ್ಕೆ ಎದ್ದು ಕೈ ತೊಳೆದರು. ಅವರ ಹಿಂದೆ ಅಕ್ಕನೂ ಹೊರಟಳು. ಆ ಸಂಚಿಕೆಗೆ ಚಪ್ಪಾಳೆ ತಟ್ಟಿದವರಲ್ಲಿ ಖುರ್ಚಿಯೂ ಒಬ್ಬ. ಬೆಂಕಿಗೆ ತುಪ್ಪ ಸುರಿದದ್ದಕ್ಕೆ ಅವನಿಗೆ ಆ ತಿಂಗಳು ಸಂಬಳವೂ ಬಂತು.

ಅಂದಿನಿಂದ ಎರಡು ಮನೆಗೂ ಎಣ್ಣೆ ಸೀಗೆಕಾಯಿ. ಆದರೆ ಇಬ್ಬರೂ ಟಿವಿ ಬಿಡಲಿಲ್ಲ. ಮಗ ಗೋಡೆ ಕಡೆ ಕಂಡ ದಿನ ಅಪ್ಪ, "ಹೆತ್ತ ಹೊಟ್ಟೆ ಸಾರ್ಥಕ ಆಯ್ತು ಕಣೇ" ಎಂದು ಅಮ್ಮನ ಹೊಟ್ಟೆಯ ಪರವಾಗಿ ತಾವೇ ಹೇಳುತ್ತಿದ್ದರು. ಬಾಗಿಲ ಕಡೆ ಕಂಡ ದಿನ ಭಾವನ ಫೋನು ಬರುತ್ತಿತ್ತು: "ಅಪ್ಪನ ಹೆದರಿಕೆ ಬಿಟ್ಟೆಯಲ್ಲ, ಶಭಾಷ್." ಖುರ್ಚಿ ಇಬ್ಬರಿಗೂ ಹೂಂ ಅನ್ನುತ್ತಿದ್ದ. ಬಾಗಿಲ ಕಡೆ ಕೂತದ್ದು ಬರೀ ಕೆಲಸದ ನಾಟಕ ಎಂದು ಅಪ್ಪನಿಗೆ, ಗೋಡೆ ಕಡೆ ಕೂತದ್ದು ಅಪ್ಪನ ಕಾಟಕ್ಕೆ ಎಂದು ಭಾವನಿಗೆ ಹೇಳುತ್ತಿದ್ದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೋಲು ಹಿಡಿದವನಿಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ.

ಹೀಗಿರುವಾಗ ಅಮ್ಮನ ಮಂಡಿಯ ಆಪರೇಷನ್ನಿಗೆ ದಿನ ಗೊತ್ತಾಯಿತು. ಆಮೇಲೆ ಒಂದು ತಿಂಗಳು ಅವಳು ಹಾಸಿಗೆ ಬಿಟ್ಟು ಏಳುವಂತಿಲ್ಲ. ಅಪ್ಪನಿಗೆ ನೀರು ಕಾಯಿಸುವುದೂ ಬರುವುದಿಲ್ಲ. ಅಕ್ಕ ಬರಲೇಬೇಕು.

"ಬರ್ತೀನಿ ಕಣೋ. ಅಪ್ಪ ಒಂದೇ ಒಂದು ಫೋನ್ ಮಾಡಿ ಇವ್ರನ್ನ ಬನ್ನಿ ಅನ್ಲಿ" ಅಂದಳು ಅಕ್ಕ.

"ಅವ್ರು ತಪ್ಪಾಯ್ತು ಅನ್ಲಿ, ಆಮೇಲೆ ನೋಡೋಣ" ಅಂದರು ಅಪ್ಪ.

"ನನ್ನ ಮಂಡಿಗೆ ಪಕ್ಷ ಇಲ್ಲ" ಅಂದಳು ಅಮ್ಮ. ಅದನ್ನು ಯಾರೂ ಚರ್ಚೆಗೆ ತೆಗೆದುಕೊಳ್ಳಲಿಲ್ಲ.

ಅದೇ ವಾರ ಕಾರ್ಯಕ್ರಮ ನಡೆಸುವ ಮೇಡಂ ಅವನನ್ನು ಕರೆದು, "ಖುರ್ಚಿ, ಸ್ಪೆಷಲ್ ಎಪಿಸೋಡ್. ರಾಜಕೀಯದಿಂದ ಮುರಿದ ಮನೆ. ಒರಿಜಿನಲ್ ಫ್ಯಾಮಿಲಿ ಬೇಕು, ಒರಿಜಿನಲ್ ಕಣ್ಣೀರು ಬೇಕು. ಸಿಗಲಿಲ್ಲ ಅಂದ್ರೆ ನೀನು ಬೇರೆ ಕಡೆ ಖುರ್ಚಿ ಹುಡುಕ್ಕೋ" ಅಂದರು. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಅವನ ಓದಿದ ತಲೆಗೆ ಹೊಳೆಯಿತು. ನೌಕರಿಯೂ ಉಳಿಯುತ್ತದೆ, ಇಬ್ಬರೂ ಎದುರುಬದುರಾದರೆ ಮಾತೂ ಆಡುತ್ತಾರೆ. ಎಸೆದ ಕಲ್ಲು ಎಲ್ಲಿ ಬೀಳುತ್ತದೆ ಎಂಬುದನ್ನು ಪತ್ರಿಕೋದ್ಯಮದಲ್ಲಿ ಹೇಳಿಕೊಟ್ಟಿರಲಿಲ್ಲ.

ಒಪ್ಪಿಸುವುದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸುಲಭವಾಯಿತು. ಅಳಿಯ ಬರುತ್ತಾರೆಂದಾಗ ಅಪ್ಪ ಶರ್ಟು ಇಸ್ತ್ರಿಗೆ ಹಾಕಿದರು. ಮಾವ ಬರುತ್ತಾರೆಂದಾಗ ಭಾವ ರಜೆ ಹಾಕಿದರು. ಇಬ್ಬರೂ ಕಡೆಗೆ ಕೇಳಿದ್ದು ಒಂದೇ ಮಾತು: "ನೀನು ನನ್ನ ಪಕ್ಕದಲ್ಲೇ ಕೂರ್ತೀಯ ತಾನೇ?"

ಖುರ್ಚಿ ಇಬ್ಬರಿಗೂ ಹೂಂ ಅಂದ.

ಆ ಮಧ್ಯಾಹ್ನ ಅಪ್ಪ ಬೇಗ ಬಂದು ಗೋಡೆ ಕಡೆ ಕೂತರು, ಭಾವ ಬಾಗಿಲ ಕಡೆ. ಇಬ್ಬರ ಕಾಲರಿಗೂ ಪುಟ್ಟ ಮೈಕು ಸಿಕ್ಕಿಸಿದರು. ಇಬ್ಬರೂ ತಮ್ಮ ಪಕ್ಕದ ಖುರ್ಚಿಯ ಮೇಲೆ ಕರವಸ್ತ್ರ ಹಾಸಿ ಜಾಗ ಹಿಡಿದಿದ್ದರು. ಅದು ಕಾಣಿಸಿದ್ದೇ ತಡ, ಖುರ್ಚಿ ವೈರುಗಳ ನಡುವೆ ನಿಂತು ಬಹಳ ಕೆಲಸ ಇರುವವನಂತೆ ಸೀಲಿಂಗು ನೋಡಿದ.

ಅತಿಥಿಗಳು ಬರಲಿಲ್ಲ. ಒಬ್ಬರು ಟ್ರಾಫಿಕ್ಕಿನಲ್ಲಿ, ಇನ್ನೊಬ್ಬರು ಬೇರೆ ಚಾನೆಲ್ಲಿನಲ್ಲಿ ದೇಶ ಉಳಿಸುತ್ತಿದ್ದರು. ಈಗ ಬರುತ್ತಾರೆ, ಇನ್ನೇನು ಬಂದರು ಎನ್ನುತ್ತ ಹೊರಬಾಗಿಲು ಹಾಕಿ ದೀಪ ಹಚ್ಚಿದರು. ಒಳಗೆ ಬಂದ ಪ್ರೇಕ್ಷಕರು ರೆಕಾರ್ಡಿಂಗ್ ಮುಗಿಯುವ ತನಕ ಏಳುವಂತಿಲ್ಲ. ಅವರ ಬಾತ್‌ರೂಮು ಹೊರಗೆ ಜನರೇಟರಿನ ಹಿಂದೆ. ಒಳಗೆ, ಮೇಕಪ್ ಕೋಣೆಯ ಪಕ್ಕದಲ್ಲಿ ಇನ್ನೊಂದಿತ್ತು. ಅದರ ಬಾಗಿಲು ಸಿಬ್ಬಂದಿಯ ಗುರುತಿನ ಕಾರ್ಡು ತೋರಿಸಿದರೆ ಮಾತ್ರ ತೆರೆಯುತ್ತದೆ, ಅತಿಥಿಗಳಿಗೆ ಮಾತ್ರ. ಹಿಂದೊಮ್ಮೆ ಸಹೋದ್ಯೋಗಿಯೊಬ್ಬ ಬಟ್ಟೆ ಕಾರ್ಖಾನೆಯ ಬಸುರಿ ಹೆಂಗಸನ್ನು ಅಲ್ಲಿಗೆ ಬಿಟ್ಟಿದ್ದ. ಬಡವರ ಪರವಾಗಿ ಮಾತಾಡಲು ಬಂದಿದ್ದ ಅತಿಥಿಯೊಬ್ಬರು ಅದನ್ನು ನೋಡಿ ದೂರು ಕೊಟ್ಟರು. ಮರುದಿನದಿಂದ ಅವನು ಕಾಣಲಿಲ್ಲ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಅವರು ಕೈಸನ್ನೆ ಮಾಡಿ ಮಗನನ್ನು ಕರೆದರು.

"ಲೋ, ಬಾತ್‌ರೂಮ್ ಎಲ್ಲಿ?"

"ಸ್ವಲ್ಪ ತಡ್ಕೊಳ್ಳಿ ಅಪ್ಪಾ. ಬ್ರೇಕಲ್ಲಿ ಬಿಡ್ತಾರೆ."

"ಶುರುವಾದ್ರೆ ತಾನೇ ಬ್ರೇಕು! ಅಲ್ಲಿದೆಯಲ್ಲ, ಆ ಬಾಗ್ಲು?"

"ಅದು ಗೆಸ್ಟ್‌ಗಳಿಗೆ."

"ಬೆಳಿಗ್ಗೆ ನನ್ನನ್ನೇ ಗೆಸ್ಟ್ ಅಂದಿದ್ದೆ."

"ಅದು... ನೀವು ಗೆಸ್ಟ್ ಆಡಿಯನ್ಸ್."

ಅಪ್ಪ ಕಾಲ ಮೇಲೆ ಕಾಲು ಹಾಕಿಕೊಂಡರು. ಡಿಪೋದಿಂದ ಡಿಪೋಗೆ ತಡೆದುಕೊಂಡು ಬಂದ ಮನುಷ್ಯ. ಸ್ವಲ್ಪ ಹೊತ್ತು ಕಳೆಯಿತು. ಅವರ ಹಣೆಯ ಮೇಲೆ, ಅಷ್ಟು ಏಸಿಯಲ್ಲಿ, ಬೆವರು ಬಂತು.

"ಮಗಾ, ಆಗ್ತಿಲ್ಲ ಕಣೋ" ಅಂದರು, ಮೆಲ್ಲಗೆ.

ಖುರ್ಚಿಯ ಕೈ ಕಾರ್ಡಿನ ತನಕ ಹೋಯಿತು. ಅಲ್ಲಿಂದ ಮೇಡಂ ಕಡೆ ನೋಡಿದ. ಮೇಡಂ ಅವನ ಕಡೆ ನೋಡಿದರು. ಕೈ ಕಾರ್ಡನ್ನು ಸರಿ ಮಾಡಿ ವಾಪಸು ಬಂತು.

"ಐದೇ ನಿಮಿಷ ಅಪ್ಪಾ."

ಬಾಗಿಲ ಕಡೆಯಿಂದ ಭಾವ ಎದ್ದು ನಿಂತರು. ಅವರಿಗೆ ಮಾತು ಕೇಳಿಸಿರಲಿಲ್ಲ. ಮಾವ ಕೂತ ಭಂಗಿ ಕಾಣಿಸಿತ್ತು.

"ಏನಂತೆ ಅವ್ರಿಗೆ?"

"ಏನಿಲ್ಲ ಭಾವ, ಸ್ವಲ್ಪ ಅರ್ಜೆಂಟು..."

"ಮತ್ತೆ ನಿನ್ನ ಕುತ್ತಿಗೇಲಿ ನೇತಾಡ್ತಿರೋದೇನು, ಮೆಡಲ್ಲಾ? ಬಾಗ್ಲು ತೆಗ್ಯೋ!"

"ರೂಲ್ಸ್ ಇದೆ ಭಾವ."

"ರೂಲ್ಸಾ? ಶುಗರ್ ಇರೋ ಮನುಷ್ಯನ್ನ ಕಟ್ಟಿ ಹಾಕೋಕೆ ರೂಲ್ಸು! ಹೆತ್ತ ಅಪ್ಪ ಕಣೋ ಅವ್ರು, ಬಾಡಿಗೆಗೆ ತಂದ ಖುರ್ಚಿ ಅಲ್ಲ!"

ಮೇಡಂ ಓಡಿ ಬಂದರು. "ಸೂಪರ್ ಸರ್, ಸೂಪರ್. ಈ ಕೋಪ ಹಾಗೇ ಇಟ್ಕೊಳ್ಳಿ. ಕ್ಯಾಮೆರಾ ಆನ್ ಆದ್ಮೇಲೆ ಇದೇ ಬೇಕು."

ಭಾವ ಅವರನ್ನು ದಾಟಿ, ವೈರುಗಳನ್ನು ದಾಟಿ ಗೋಡೆ ಕಡೆಗೆ ಹೋದರು. "ಏಳಿ ಮಾವ. ಎದುರಿಗೇ ಪೆಟ್ರೋಲ್ ಬಂಕ್ ಇದೆ. ಗಾಡಿ ಇದೆ ನಂದು."

ಅಪ್ಪ ಒಂದು ಗಳಿಗೆ ಅಳಿಯನ ಮುಖ ನೋಡಿದರು. ಸಿದ್ಧಾಂತಕ್ಕೆ ಅಷ್ಟೇ ಸಮಯವಿತ್ತು. ಎದ್ದರು. ಭಾವ ತಾವೇ ಹೊರಬಾಗಿಲ ಚಿಲಕ ತೆಗೆದರು. ಬಟ್ಟೆ ಕಾರ್ಖಾನೆಯ ನಾಲ್ಕೈದು ಹೆಂಗಸರೂ ಎರಡೂ ಕಡೆಯಿಂದ ಎದ್ದು, ಯಾರನ್ನೂ ಕೇಳದೆ, ಅವರ ಹಿಂದೆಯೇ ಜನರೇಟರಿನ ಕಡೆಗೆ ನಡೆದರು.

ಕಾಲರಿನ ಮೈಕುಗಳು ಹಾಗೇ ಹೋದವು. ಮೈಕು ವಾಪಸು ತರಲು ಓಡಿದ ಸೌಂಡ್ ಹುಡುಗಿ ಆಮೇಲೆ ಹೇಳಿದಳು: ಸಿಗ್ನಲ್ ಸಿಗುವ ತನಕ ಹೆಡ್‌ಫೋನಿನಲ್ಲಿ ಅವರ ಮಾತು ಕೇಳುತ್ತಿತ್ತಂತೆ.

"ಏನಂದ್ರು?" ಎಂದು ಕೇಳಿದ ಖುರ್ಚಿ.

"ಒಬ್ರು 'ನಿಧಾನ ಮಾವ, ಮೆಟ್ಲು' ಅಂದ್ರು. ಇನ್ನೊಬ್ರು 'ಗೊತ್ತು ರೀ' ಅಂದ್ರು. ಅಷ್ಟೇ. ರೆಕಾರ್ಡ್ ಮಾಡಿಲ್ಲ, ಕಂಟೆಂಟ್ ಇರ್ಲಿಲ್ಲ."

ಅಷ್ಟರಲ್ಲಿ ಅತಿಥಿಗಳು ಬಂದರು. ಮುರಿದ ಮನೆಯೇ ಇಲ್ಲ. ಮೇಡಂ ಎರಡು ಖಾಲಿ ಖುರ್ಚಿ ತೋರಿಸಿದರು, ಆಮೇಲೆ ಅವನನ್ನು ತೋರಿಸಿದರು. ಅಪ್ಪನ ಜಾಗದಲ್ಲಿ ಒಬ್ಬ ವಾಚ್‌ಮನ್ ಕೂತ; ಬಿಳಿ ಮೀಸೆಯವನು, ಬೇಕೆಂದಾಗ ಗದ್ಗದಿತನಾಗಬಲ್ಲವನು. ಅಪ್ಪನ ಜೊತೆ ಮಾತು ಬಿಟ್ಟ ಮಗನಾಗಿ ಎದುರಿಗೆ ಖುರ್ಚಿ.

ಬಹಳ ದಿನದಿಂದ ಅವನು ಕಾದಿದ್ದ ಕ್ಲೋಸಪ್ ಅದು. ನಿರೂಪಕ ಕರುಣೆಯ ದನಿ ತೆಗೆದು ಕೇಳಿದ: "ಅಪ್ಪನಿಗೆ ನೀವು ಮಾಡಿದ ಅತಿ ದೊಡ್ಡ ನೋವು ಯಾವುದು?"

ಬರೆದುಕೊಟ್ಟ ಉತ್ತರ ಬಾಯಿಗೆ ಬರಲಿಲ್ಲ.

"ಅವ್ರಿಗೆ ಬಾತ್‌ರೂಮಿಗೆ ಹೋಗಬೇಕಿತ್ತು" ಅಂದ. "ನಾನು ಬಿಡಲಿಲ್ಲ."

ಗೋಡೆ ಕಡೆಯ ಅತಿಥಿ ಮೈಕು ಎಳೆದುಕೊಂಡು, ಹಿರಿಯರಿಗೆ ಈ ಗತಿ ತಂದದ್ದು ಇವರ ಆಧುನಿಕತೆಯೇ ಎಂದರು. ಬಾಗಿಲ ಕಡೆಯ ಅತಿಥಿ, ಬಾತ್‌ರೂಮ್ ಎಂಬುದು ಇಲ್ಲಿ ಒಂದು ರೂಪಕ ಎಂದರು. ಫ್ಲೋರ್ ಮ್ಯಾನೇಜರ್ ಅಂಗೈ ತೋರಿಸಿದ. ಎರಡೂ ಕಡೆಯಿಂದ ಚಪ್ಪಾಳೆ ಬಿತ್ತು. ಖುರ್ಚಿಯ ಕಣ್ಣಲ್ಲಿ ನೀರು ಬಂತು, ಒರಿಜಿನಲ್ ಆದದ್ದು. ಮೇಡಂ ಹೆಬ್ಬೆರಳು ಎತ್ತಿ ತೋರಿಸಿದರು.

ಸಂಜೆ ಮನೆಗೆ ಬಂದಾಗ ಬಾಗಿಲ ಹೊರಗೆ ಭಾವನ ಸ್ಕೂಟರು, ಒಳಗೆ ಅಕ್ಕನ ಸೂಟ್‌ಕೇಸು. ಪೆಟ್ರೋಲ್ ಬಂಕಿನಿಂದ ಇಬ್ಬರೂ ನೇರವಾಗಿ ಭಾವನ ಮನೆಗೆ ಹೋಗಿ ಅಕ್ಕನನ್ನು ಆಟೋದಲ್ಲಿ ಕೂರಿಸಿ ಕರೆತಂದಿದ್ದರಂತೆ. ಫೋನಿನ ಮಾತೇ ಬರಲಿಲ್ಲವಂತೆ. ಇದನ್ನೆಲ್ಲ ಹೇಳಿದ್ದು ಅಕ್ಕ. ಅಪ್ಪನೂ ಭಾವನೂ ಊಟದ ತಟ್ಟೆ ಹಿಡಿದು ಅಕ್ಕಪಕ್ಕ ಕೂತು ಟಿವಿ ನೋಡುತ್ತಿದ್ದರು. ಅವನ ಕಡೆ ತಿರುಗಲಿಲ್ಲ.

"ಖುರ್ಚಿ ಖಾಲಿ ಇಲ್ಲ. ಕೆಳಗೆ ಕೂತ್ಕೋ" ಅಂದಳು ಅಕ್ಕ.

ಕೂತ. ಕಾರ್ಯಕ್ರಮ ಬಂತು. ಬಾತ್‌ರೂಮಿನ ಮಾತು ಕತ್ತರಿಸಿ ಹೋಗಿತ್ತು. ಅವನ ಕಣ್ಣೀರು ಮಾತ್ರ ಪಿಟೀಲಿನ ಜೊತೆ ಮೂರು ಸಲ ಬಂತು. ವಾಚ್‌ಮನ್ ಬಿಕ್ಕಿದ. ಅತಿಥಿಗಳು ಶುರು ಮಾಡಿದರು, ಮೊದಲು ಗೋಡೆ ಕಡೆಯವರು.

"ನೋಡಿ, ಈಗ ಸರಿಯಾಗಿ ಹೇಳ್ದ" ಅಂದರು ಅಪ್ಪ.

"ಅವನಾ? ಅವನ ಮಾತು ಕೇಳಿದ್ರೆ ಗಾಡಿ ರಿವರ್ಸಲ್ಲೇ ಹೋಗೋದು ಮಾವ" ಅಂದರು ಭಾವ.

"ರಿವರ್ಸ್ ಬಂದ್ರೆ ತಾನೇ ರೀ ಪಾರ್ಕಿಂಗು!"

ದನಿ ಏರಿತು. ಒಳಗಿನಿಂದ ಅಮ್ಮ, "ನನ್ನ ಮಂಡಿ!" ಎಂದು ಕೂಗಿದಳು. ಇಬ್ಬರೂ ದನಿ ಇಳಿಸಿದರು. ಆದರೆ ತಟ್ಟೆ ಬಿಟ್ಟು ಯಾರೂ ಏಳಲಿಲ್ಲ.

ಮಧ್ಯಾಹ್ನದಿಂದ ಖುರ್ಚಿಯೂ ಬಾತ್‌ರೂಮಿಗೆ ಹೋಗಿರಲಿಲ್ಲ. ಈಗ ಮೆಲ್ಲಗೆ ಎದ್ದ. ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ ಅಳಿಯನಿಗೆ ಅಂದರು:

"ಅವನಿಗೆ ಹೇಳಿ, ಬಾತ್‌ರೂಮು ಎಡಕ್ಕಿದೆ. ಕಾರ್ಡು ಬೇಕಾಗಿಲ್ಲ ಅಂತ."

"ಐದು ನಿಮಿಷ ತಡ್ಕೊಳ್ಳೋಕೆ ಹೇಳಿ ಮಾವ" ಅಂದರು ಭಾವ. "ಬ್ರೇಕಲ್ಲಿ ಬಿಡೋಣ."